ಜೈಲಿಂದ ಬಂದವರಿಗೂ ಓಟಿದೆ: ಪಟ್ಟಿಯಲ್ಲಿ ಹೆಸರು ನೋಡಿಕೊಳ್ಳಿ

ರಾಯಚೂರು: ಜೈಲಿಗೆ ಹೋಗಿ ಬಂದರೆ ಓಟು ಹೋಯ್ತು ಅನ್ನೋದು ತಪ್ಪು. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 62(5)ನೇ ಕಲಂ ಪ್ರಕಾರ ಜೈಲಲ್ಲಿ ಅಥವಾ ಪೊಲೀಸರ ವಶದಲ್ಲಿ ಇರುವಷ್ಟು ದಿನ ಮಾತ್ರ ಓಟು ಹಾಕುವಂತಿಲ್ಲ. ಶಿಕ್ಷೆಯೇ ಆಗದ ವಿಚಾರಣಾಧೀನ ಕೈದಿಗೂ ಇದೇ ನಿಯಮ, ಅದೊಂದು ವಿಚಿತ್ರ. ಮುಂಜಾಗ್ರತಾ ಬಂಧನದಲ್ಲಿ ಇರುವವರಿಗೆ ಮಾತ್ರ ಅಂಚೆ ಮತ ಉಂಟು.

ಶಿಕ್ಷೆ ಮುಗಿಸಿ ಹೊರಬಂದ ಮರುದಿನವೇ ಮತದಾನ ಇದ್ದರೂ ಹಾಕಬಹುದು, ಯಾರ ಅನುಮತಿಯೂ ಬೇಡ. ಆದರೆ 2 ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾದವರು ಬಿಡುಗಡೆಯಾಗಿ 6 ವರ್ಷ ಚುನಾವಣೆಗೆ ನಿಲ್ಲುವಂತಿಲ್ಲ.

ದೇವದುರ್ಗ, ಮಾನ್ವಿಯಲ್ಲಿ ಓಟು ಕೇಳೋಕೆ ಹೊರಟವರು ಇಂಥವರ ಮನೆ ದಾಟಿ ಹೋದರೆ ನಷ್ಟ ಅವರಿಗೇ.

ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಬಿಎಲ್‌ಒ ಬಳಿ ನಮೂನೆ 6 ಕೊಡಿ, ಮನೆ ಬದಲಾಗಿದ್ದರೆ ನಮೂನೆ 8. ನಾಮಪತ್ರ ಸಲ್ಲಿಕೆಯ ಕೊನೆ ದಿನ ದಾಟಿದರೆ ಹೆಸರು ಸೇರಲ್ಲ. ಸಹಾಯವಾಣಿ: 1950.