ಕತ್ತೆ ಚಾಕರಿಯೂ ಕಂಟೇನರೂ

ನಮ್ಮ ಆಫೀಸಿನ ಹಳೇ ಸರ್ವರನ್ನು ಹೋದ ತಿಂಗಳು ಆಫ್ ಮಾಡಿದ್ವಿ. ಅಂಗಡಿಗಳ ಆರ್ಡರನ್ನು ಬಿಲ್ಲಿಂಗಿಗೆ ದಾಟಿಸೋದು ಅದರ ಕೆಲಸ. ಇಂಥ ಇಂಟಿಗ್ರೇಶನ್ ಅಪ್ಲಿಕೇಶನ್ನುಗಳು ಯಾರ ಕಣ್ಣಿಗೂ ಬೀಳಲ್ಲ, ನಿಂತಾಗ ಮಾತ್ರ ಎಲ್ಲರೂ ಹುಡುಕ್ಕೊಂಡು ಬರ್ತಾರೆ. 2003ರಲ್ಲಿ ರಾಸ್ ಮೇಸನ್ ಈ ಕೆಲಸಕ್ಕೆಂದೇ ಒಂದು ತಂತ್ರಾಂಶ ಶುರುಮಾಡಿ 'ಮ್ಯೂಲ್' (ಹೇಸರಗತ್ತೆ) ಅಂತ ಹೆಸರಿಟ್ಟ. ಕಾರಣ, ಇಂಗ್ಲಿಷಿನ 'ಡಾಂಕಿ ವರ್ಕ್'. ನಮ್ಮ ಕತ್ತೆ ಚಾಕರಿಯೇ ಅಲ್ವಾ!

ನಮ್ಮ ಕತ್ತೆಗೆ ಒಂದು ಅಭ್ಯಾಸವಿತ್ತು. ಎಷ್ಟನೇ ಆರ್ಡರಿನವರೆಗೆ ಕಳಿಸಿದೆ ಅನ್ನೋದನ್ನು ಅದೇ ಮಷೀನಿನ ಡಿಸ್ಕಲ್ಲಿ ಒಂದು ಸಣ್ಣ ಫೈಲಿಗೆ ಬರೆದಿಡೋದು. ಸರ್ವರ್ ಅಲ್ಲೇ ಇರುತ್ತೆ, ಫೈಲೂ ಇರುತ್ತೆ. ತಪ್ಪೇನು?

ಕಂಟೇನರಿನ ವಂಶಾವಳಿ ನೋಡಿದ್ರೆ ತಪ್ಪು ಗೊತ್ತಾಗುತ್ತೆ. 1979ರ ಏಳನೇ ಯುನಿಕ್ಸಿನ 'ಸಿಎಚ್‌ರೂಟ್' ಒಂದು ಪ್ರೋಗ್ರಾಮಿಗೆ ಡಿಸ್ಕಿನ ಒಂದು ಮೂಲೆಯನ್ನೇ ಇಡೀ ಪ್ರಪಂಚ ಅಂತ ನಂಬಿಸ್ತು. 2000ದಲ್ಲಿ ಫ್ರೀಬಿಎಸ್‌ಡಿ ಅದನ್ನು ಬಿಗಿಮಾಡಿ 'ಜೈಲ್' ಅಂದಿತು (ಹೆಸರಿಡೋರಿಗೆ ದಾಕ್ಷಿಣ್ಯವೇ ಇಲ್ಲ). 2006ರಲ್ಲಿ ಗೂಗಲಿನ ಪಾಲ್ ಮೆನೇಜ್, ರೋಹಿತ್ ಸೇಠ್ ಶುರುಮಾಡಿದ 'ಸಿಗ್ರೂಪ್ಸ್' ಯಾರಿಗೆ ಎಷ್ಟು ಮೆಮೊರಿ, ಎಷ್ಟು ಸಿಪಿಯು ಅಂತ ರೇಷನ್ ಕಟ್ಟಿತು. 2008ರಲ್ಲಿ ಲಿನಕ್ಸ್ ಕರ್ನಲ್ಲಿಗೆ ಸೇರಿತು. ಇಲ್ಲಿವರೆಗೆ ಬರೀ ಗೋಡೆ ಕಟ್ಟಿದ್ದು. 2013ರಲ್ಲಿ ಸಾಲೊಮನ್ ಹೈಕ್ಸ್ ತೋರಿಸಿದ ಡಾಕರ್ ಬಂದ ಮೇಲೆ, ಗೋಡೆಯೊಳಗಿನದನ್ನು ಇಮೇಜ್ ಮಾಡಿ ಎಲ್ಲಿ ಬೇಕಾದ್ರೂ ಒಯ್ಯೋದು ಸಲೀಸಾಯ್ತು. ಕಂಟೇನರ್ ತೆಗೆದುಹಾಕಿದ್ರೆ ಅದರೊಳಗೆ ಆಮೇಲೆ ಬರೆದದ್ದೂ ಹೋಯ್ತು. 2014ರಲ್ಲಿ ಬಂದ ಕುಬರ್ನೆಟಿಸ್ ಇನ್ನೂ ನಿರ್ದಯಿ, ಒಂದನ್ನು ಕೊಂದು ಇನ್ನೊಂದು ಮಷೀನಲ್ಲಿ ಹೊಸದನ್ನು ಹುಟ್ಟಿಸುತ್ತೆ.

ಇದೇನೂ ಗುಟ್ಟಲ್ಲ. ಪ್ರೋಸೆಸ್ಸು ತನ್ನ ಹತ್ತಿರ ಏನನ್ನೂ ಇಟ್ಟುಕೊಳ್ಳಬಾರದು ಅಂತ ಹೆರೋಕು ಕಂಪನಿಯ ಆಡಂ ವಿಗಿನ್ಸ್ 2011ರಲ್ಲೇ 'ಟ್ವೆಲ್ವ್ ಫ್ಯಾಕ್ಟರ್ ಆ್ಯಪ್'ನಲ್ಲಿ ಬರೆದಿದ್ದ. ನಾನೂ ಓದಿದ್ದೆ, ಇಂಟರ್‌ವ್ಯೂನಲ್ಲಿ ಹೇಳಿಯೂ ಇದ್ದೆ.

ಹೊಸ ಮನೆಗೆ ಬಂದ ನಾಲ್ಕನೇ ರಾತ್ರಿ ಕುಬರ್ನೆಟಿಸ್ ನಮ್ಮ ಕತ್ತೆಯನ್ನು ಬೇರೆ ಮಷೀನಿಗೆ ಕಟ್ಟಿತು. ಫೈಲಿಲ್ಲ. ಫೈಲಿಲ್ಲದಿದ್ರೆ ಮೊದಲಿಂದ ಶುರುಮಾಡು ಅಂತ ಕೋಡಲ್ಲೇ ಇತ್ತು, ಹಾಗೇ ಮಾಡ್ತು ಪಾಪ. ಆ ದಿನದ ಆರ್ಡರುಗಳಿಗೆಲ್ಲ ಎರಡೆರಡು ಬಿಲ್ಲು! ಬೆಳಗಿನ ಜಾವದವರೆಗೂ ಒಂದೊಂದನ್ನೇ ರದ್ದುಮಾಡ್ತಾ ಕೂತಿದ್ದೆ.

ಈಗ ಆ ಗುರುತು ಡೇಟಾಬೇಸಿನಲ್ಲಿದೆ, ಒಂದೇ ಸಾಲು. ಹಳೇ ಸರ್ವರ್ ಆಫ್ ಮಾಡೋ ಮುಂಚೆ ಇನ್ನೊಮ್ಮೆ ಕೆದಕಿದಾಗ ಅಂಥವೇ ಮೂರು ಫೈಲು ಸಿಕ್ಕವು. ಒಂದು ಯಾಕಿದೆ ಅಂತ ಬರೆದವರಿಗೂ ನೆನಪಿಲ್ಲ. ಕಾಪಿ ಇಟ್ಕೊಂಡಿದ್ದೀನಿ.