ನೆಲವೇ ಡೊಂಕಾಗಿದ್ದರೆ?

ಹಳೆಯ ಕನ್ನಡ ಪತ್ರಿಕೆಗಳನ್ನು ಡಿಜಿಟಲ್ ರೂಪಕ್ಕೆ ತರುವ ಯೋಜನೆಯೊಂದರಲ್ಲಿ ಕೆಲವು ತಿಂಗಳು ನಾನು ಕರಡು ತಿದ್ದುತ್ತಿದ್ದೆ. ಟೈಪ್ ಮಾಡುತ್ತಿದ್ದವರು ಮೂವರು. ಅವರಲ್ಲಿ ಒಬ್ಬಾಕೆಯ ಪುಟಗಳಲ್ಲಿ ಒತ್ತಕ್ಷರದ ತಪ್ಪುಗಳು ಹೆಚ್ಚೆಂದು ವರದಿ ಬರೆದವನು ನಾನೇ. ಮರುತಿಂಗಳಿಂದ ಆಕೆಗೆ ಕೆಲಸವಿರಲಿಲ್ಲ. ಆಮೇಲೆ ಮೂಲಪ್ರತಿಗಳನ್ನು ತೆಗೆದು ನೋಡಿದರೆ, ಆಕೆಯ ಪಾಲಿಗೆ ಬಂದದ್ದೆಲ್ಲ ತೆಳುಕಾಗದದ ಸಂಚಿಕೆಗಳು. ಹಿಂಬದಿಯ ಅಚ್ಚು ಮುಂದಕ್ಕೆ ಮೂಡಿ, ಸ್ಕ್ಯಾನ್ ಮಾಡಿದ ಚಿತ್ರದಲ್ಲಿ ಒತ್ತಕ್ಷರಗಳು ಕಲಸಿಹೋಗಿದ್ದವು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾವು ನಗುತ್ತೇವೆ. ಆಕೆ ಹಾಗೆಂದೂ ಅಂದಿರಲಿಲ್ಲ.

ನೆಲವನ್ನು ಅಳೆಯುವುದಕ್ಕೂ ಒಂದು ವಿದ್ಯೆಯಿದೆ, ಅದಕ್ಕೆ ನೂರು ವರ್ಷದ ಇತಿಹಾಸವಿದೆ ಎಂದು ತಿಳಿದದ್ದು ಆ ಅಳುಕಿನಲ್ಲಿ ಓದಲು ಕೂತಾಗ.

1924ರ ಮೇ 16ರಂದು, ಅಮೆರಿಕದಲ್ಲಿ ಟೆಲಿಫೋನ್ ಉಪಕರಣ ತಯಾರಿಸುತ್ತಿದ್ದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ವಾಲ್ಟರ್ ಶೂಹಾರ್ಟ್ ತಮ್ಮ ಮೇಲಧಿಕಾರಿಗೆ ಒಂದು ಪುಟದಷ್ಟು ಟಿಪ್ಪಣಿ ಕಳಿಸಿದರು. ಅದರಲ್ಲೊಂದು ಪುಟ್ಟ ನಕ್ಷೆ. ಅಲ್ಲಿಯವರೆಗೆ ಪರೀಕ್ಷೆಯೆಂದರೆ ತಯಾರಾದ ವಸ್ತುಗಳಲ್ಲಿ ಕೆಟ್ಟದ್ದನ್ನು ಹೆಕ್ಕಿ ಎಸೆಯುವುದು. ಶೂಹಾರ್ಟ್ ಕೇಳಿದ್ದು ಬೇರೆಯದೇ ಪ್ರಶ್ನೆ. ಒಂದೇ ಹಿಟ್ಟು, ಒಂದೇ ಕೈ ಆದರೂ ಎರಡು ರೊಟ್ಟಿ ಒಂದೇ ಅಳತೆಗೆ ಬರುವುದಿಲ್ಲ. ಹಾಗಾದರೆ ಯಾವ ವ್ಯತ್ಯಾಸ ಸಹಜ, ಯಾವುದಕ್ಕೆ ಹುಡುಕಬೇಕಾದ ಕಾರಣವಿದೆ? ಸರಾಸರಿಯ ಗೆರೆಯ ಮೇಲೂ ಕೆಳಗೂ ಲೆಕ್ಕಹಾಕಿ ಒಂದೊಂದು ಮಿತಿಗೆರೆ ಎಳೆಯಿರಿ. ಚುಕ್ಕೆ ಗೆರೆ ದಾಟಿದರೆ ನಿರ್ದಿಷ್ಟ ಕಾರಣವನ್ನು ಹುಡುಕಿ. ದಾಟದಿದ್ದರೆ, ದೋಷ ಇಡೀ ವ್ಯವಸ್ಥೆಯಲ್ಲೇ ಬೆರೆತಿದೆ. ಒಂದೊಂದು ಚುಕ್ಕೆಯ ಹಿಂದೆ ಓಡುವುದು ದಂಡ, ಎಷ್ಟೋ ಸಲ ಹಾನಿಕರ ಕೂಡ.

ಇದನ್ನು ಆಟದಂತೆ ತೋರಿಸಿದವರು ಎಡ್ವರ್ಡ್ಸ್ ಡೆಮಿಂಗ್. ಪೆಟ್ಟಿಗೆಯ ತುಂಬ ಬಿಳಿ ಮಣಿ, ಐದರಲ್ಲೊಂದು ಪಾಲು ಕೆಂಪು. ಐವತ್ತು ಗುಳಿಗಳ ಹಲಗೆಯನ್ನು ಅದ್ದಿ ತೆಗೆಯಬೇಕು. ಕೆಂಪು ಮಣಿ ಬಂದರೆ ದೋಷ. ಸಭಿಕರಲ್ಲೇ ಕೆಲವರು 'ಕಾರ್ಮಿಕರು', ಡೆಮಿಂಗ್ ಮೇಸ್ತ್ರಿ. ಕಡಿಮೆ ಕೆಂಪು ಬಂದವರಿಗೆ ಶಹಬ್ಬಾಸ್, ಹೆಚ್ಚು ಬಂದವರಿಗೆ ಬೈಗುಳ, ಕೊನೆಗೆ ಕೆಲಸದಿಂದ ವಜಾ. ಎಲ್ಲರೂ ನಗುತ್ತಿದ್ದರಂತೆ. ನನಗೆ ನಗು ಬರಲಿಲ್ಲ. ನಾನು ವರದಿ ಬರೆದದ್ದೂ ಮಣಿ ಎಣಿಸಿಯೇ.

ಜಪಾನಿನ ಕವೊರು ಇಶಿಕಾವಾ 1943ರಲ್ಲಿ ಕವಾಸಾಕಿ ಉಕ್ಕಿನ ಕಾರ್ಖಾನೆಯ ಎಂಜಿನಿಯರುಗಳಿಗೆ ಬಿಡಿಸಿ ತೋರಿಸಿದ ಚಿತ್ರ ಇನ್ನೂ ಸರಳ. ಮೀನಿನ ತಲೆಯಲ್ಲಿ ದೋಷ. ಬೆನ್ನುಮೂಳೆಗೆ ಸೇರುವ ಒಂದೊಂದು ಮುಳ್ಳೂ ಒಂದೊಂದು ಬಗೆಯ ಕಾರಣ: ಯಂತ್ರ, ಸಾಮಗ್ರಿ, ವಿಧಾನ, ಅಳತೆ, ಮನುಷ್ಯ. ಮನುಷ್ಯ ಅಲ್ಲಿ ಒಂದು ಮುಳ್ಳು ಮಾತ್ರ. ಇಂದು ಯೋಜನಾ ನಿರ್ವಹಣೆಯ ಪಾಠಗಳಲ್ಲಿ ಈ ಮೀನು ಇದ್ದೇ ಇರುತ್ತದೆ. ಆದರೆ ಬಹಳಷ್ಟು ಕಡೆ ತಪ್ಪಿತಸ್ಥರನ್ನು ಮೊದಲೇ ಗೊತ್ತುಮಾಡಿಕೊಂಡು, ಆಮೇಲೆ ಮೀನು ಬಿಡಿಸುತ್ತಾರೆಂಬ ಅನುಮಾನ ನನ್ನದು.

ಈ ವಿದ್ಯೆ ನಮಗೇನೂ ತಡವಾಗಿ ಬಂದದ್ದಲ್ಲ. ಡೆಮಿಂಗ್ ಜಪಾನಿನಲ್ಲಿ ಹೆಸರಾಂತ ಉಪನ್ಯಾಸಗಳನ್ನು ಕೊಟ್ಟದ್ದು 1950ರಲ್ಲಿ. ಅದಕ್ಕೂ ಮೊದಲೇ, 1947-48ರಲ್ಲಿ, ಪಿ. ಸಿ. ಮಹಲನೋಬಿಸ್ ಶೂಹಾರ್ಟ್ ಅವರನ್ನೇ ಭಾರತಕ್ಕೆ ಕರೆಸಿದ್ದರು. ಮುಂದೆ ಅವರ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಬೆಂಗಳೂರಿನಲ್ಲೂ ಗುಣಮಟ್ಟ ನಿಯಂತ್ರಣದ ಘಟಕ ತೆರೆಯಿತು. ನಾನು ಆ ವರದಿ ಬರೆದದ್ದೂ ಇದೇ ಊರಿನಲ್ಲಿ ಕೂತು.

ಎರಡನೆಯ ವರದಿ ಬರೆದುಕೊಟ್ಟು ಆಕೆಗೆ ಫೋನ್ ಮಾಡಿದೆ. ಕಾಗದದ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. "ಹೌದಾ ಸರ್? ನನ್ನ ಕಣ್ಣೇ ಮಂದ ಆಗಿದೆ ಅಂದ್ಕೊಂಡು ಕನ್ನಡಕ ಮಾಡಿಸ್ಕೊಂಡ್‌ಬಿಟ್ಟೆ" ಅಂದರು.