ಕೋಲಾರದ ಚಿನ್ನ, ಜಾಗತೀಕರಣದ ತಾರೀಖು

ಜಾಗತೀಕರಣ ನಮ್ಮಲ್ಲಿಗೆ 1991ರಲ್ಲಿ ಬಂತು ಅಂತ ಕನ್ನಡದ ಪ್ರಗತಿಪರ ಬರಹ ಬಹುಪಾಲು ಒಪ್ಪಿಕೊಂಡುಬಿಟ್ಟಿದೆ. ಅದಕ್ಕೂ ಮುಂಚೆ ತನ್ನ ಪಾಡಿಗೆ ತಾನಿದ್ದ ಒಂದು ಹಳ್ಳಿ ಇತ್ತು, ವಿದೇಶಿ ಬಂಡವಾಳ ಬಂದು ಅದನ್ನ ಕೆಡಿಸಿತು ಅನ್ನೋದು ಈ ಬರಹಗಳ ಧಾಟಿ. ಆ ಹಳ್ಳಿಯಲ್ಲಿ ಹೊಲಗೇರಿ ಎಲ್ಲಿತ್ತು, ಅಲ್ಲಿಂದ ಜನ ಯಾಕೆ ಓಡಿಹೋದರು ಅಂತ ಕೇಳಿದವರು ಕಡಿಮೆ. ಓಡಿಹೋದವರ ಚರಿತ್ರೆ ಬೇಕಾದರೆ ಕೋಲಾರದ ಚಿನ್ನದ ಗಣಿಗೆ ಹೋಗಬೇಕು.

1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿಗೆ ಬಂತು. ಷೇರುದಾರರು ಇಂಗ್ಲೆಂಡಿನಲ್ಲಿ, ಯಂತ್ರ ಅಲ್ಲಿಂದ, ಗಣಿ ಬಲ್ಲ ಮೇಲ್ವಿಚಾರಕರು ಕಾರ್ನ್‌ವಾಲ್‌ನಿಂದ. ಮೈಸೂರು ಸರ್ಕಾರಕ್ಕೆ ರಾಜಧನ. ಕೆಳಗಿಳಿಯೋಕೆ ಮಾತ್ರ ಉತ್ತರ ಆರ್ಕಾಟಿನ ಆದಿದ್ರಾವಿಡರು. 1876-78ರ ಬರ ಆ ಸೀಮೆಯನ್ನ ನುಂಗಿ ಹೆಚ್ಚು ದಿನ ಆಗಿರಲಿಲ್ಲ. ಊರಲ್ಲಿದ್ದರೆ ಜೀತ, ಕಾಳಿನ ಕೂಲಿ. ಇಲ್ಲಿ ಕೈಗೆ ಕಾಸು ಬರ್ತಿತ್ತು. ಹಾಗಾಗಿ ಗಣಿಯನ್ನ ಬರೀ ನರಕ ಅಂದರೆ ಅರ್ಧ ಸುಳ್ಳು ಹೇಳಿದ ಹಾಗಾಗುತ್ತದೆ. ಜಮೀನ್ದಾರನ ಕಣ್ಣಿನಿಂದ ದೂರ ಹೋಗೋದಕ್ಕೆ ಭೂಮಿಯೊಳಗೇ ಇಳಿಯಬೇಕಾಯ್ತು ಅನ್ನೋದು ಈ ದೇಶದ ಗತಿ.

ಆದರೆ ಜಾತಿ ಊರಲ್ಲೇ ಉಳಿಯಲಿಲ್ಲ. ಮೇಲೆ ಯುರೋಪಿಯನ್ನರ ಬಂಗಲೆ, ಕ್ಲಬ್ಬು, ನಡುವೆ ಆಂಗ್ಲೋ-ಇಂಡಿಯನ್ನರು, ಕೊನೆಗೆ ಕೂಲಿ ಲೈನಿನ ತಟ್ಟಿ ಗುಡಿಸಲುಗಳು. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ಕರೆಂಟು ಬಂತು, ಬೆಂಗಳೂರಿಗಿಂತ 3 ವರ್ಷ ಮೊದಲು. ಇದನ್ನ ನಮ್ಮ ಪಠ್ಯಪುಸ್ತಕಗಳು ಮೈಸೂರಿನ ಹೆಮ್ಮೆ ಅಂತ ಹೇಳಿಕೊಡುತ್ತವೆ. ಆ ಕರೆಂಟಿನ ಬಲದಲ್ಲಿ ಗಣಿ ಆಳಕ್ಕೆ, ಇನ್ನೂ ಆಳಕ್ಕೆ ಹೋಯಿತು. ಚಾಂಪಿಯನ್ ರೀಫ್ ಕೊನೆಗೆ 3 ಕಿಲೋಮೀಟರು ದಾಟಿತು. ಅಲ್ಲಿ ಬಂಡೆ ಸಿಡಿಯುತ್ತಿತ್ತು. ಸಿಡಿತಕ್ಕೆ ಸಾಯದವನ ಎದೆಯೊಳಗೆ ಕಲ್ಲಿನ ಧೂಳು ಕೂತು ಸಿಲಿಕೋಸಿಸ್ ಆಗುತ್ತಿತ್ತು.

ಇವರು ಸುಮ್ಮನಿದ್ದವರೇನಲ್ಲ. ಅಯೋತಿದಾಸರ ಶಾಕ್ಯ ಬೌದ್ಧ ಸಂಘದ ಶಾಖೆ ಮಾರಿಕುಪ್ಪಂನಲ್ಲಿ 20ನೇ ಶತಮಾನದ ಆರಂಭದಲ್ಲೇ ಇತ್ತು. ಅಂಬೇಡ್ಕರರು ಬೌದ್ಧರಾದದ್ದು 1956ರಲ್ಲಿ ಅನ್ನೋದನ್ನ ನೆನಪಿಟ್ಟುಕೊಂಡು ಇದನ್ನ ಓದಬೇಕು. 1930ರಲ್ಲಿ ಕಾರ್ಮಿಕರ ಬೆರಳಚ್ಚು ತೆಗೆದು ದಾಖಲಿಸೋ ಕ್ರಮ ಬಂದಾಗ ಗಣಿ ಪೂರ್ತಿ ಮುಷ್ಕರ ಹೂಡಿತು. ನಾವೇನು ಕಳ್ಳರಾ ಅನ್ನೋದು ಅದರ ಒಳಗಿದ್ದ ಪ್ರಶ್ನೆ. ಕನ್ನಡದ ದಲಿತ ಸಾಹಿತ್ಯ ಚರಿತ್ರೆಗಳಲ್ಲಿ ಈ ಮುಷ್ಕರಕ್ಕೆ ಜಾಗ ಎಲ್ಲಿದೆ? ಅವರು ತಮಿಳು ಮಾತಾಡ್ತಿದ್ದರು, ಅಷ್ಟಕ್ಕೇ ನಮ್ಮ ವಿಮರ್ಶೆ ಅವರನ್ನ ಗಡಿಯಾಚೆ ಇಟ್ಟಿತು. ಈ ತಪ್ಪಿನಲ್ಲಿ ನಾವೂ ಪಾಲುದಾರರು.

1956ರಲ್ಲಿ ಗಣಿ ರಾಷ್ಟ್ರೀಕರಣವಾಯಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಒಳ್ಳೆ ಅದಿರು ಅಷ್ಟೊತ್ತಿಗೆ ಕರಗಿತ್ತು ಅನ್ನೋದು ನಿಜ. ಆದರೆ ನಷ್ಟದ ಲೆಕ್ಕಕ್ಕೂ ಒಂದು ಕಥೆ ಇದೆ. ರಾಷ್ಟ್ರೀಕರಣದ ಮೇಲೆ ಬಹಳ ವರ್ಷ ಇಲ್ಲಿನ ಚಿನ್ನ ಅಂತಾರಾಷ್ಟ್ರೀಯ ಅಧಿಕೃತ ಬೆಲೆಗೆ, ಅಂದರೆ ನಮ್ಮ ಪೇಟೆ ಬೆಲೆಗಿಂತ ಕಡಿಮೆಗೆ, ಸರ್ಕಾರಕ್ಕೆ ಹೋಗ್ತಿತ್ತು. ಹಾಗೆ ಕೊಟ್ಟು, ಆಮೇಲೆ ನಷ್ಟ ಅನ್ನಿಸಿಕೊಂಡಿತು.

1991ಕ್ಕೆ ಬರೋಣ. ವಿದೇಶಿ ವಿನಿಮಯ ಬರಿದಾದಾಗ ಜುಲೈನಲ್ಲಿ ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನ ಸಾಲದ ಅಡವಾಗಿ ವಿಮಾನ ಹತ್ತಿತು. ಅದೇ ತಿಂಗಳ 24ರಂದು ಮನಮೋಹನ್ ಸಿಂಗ್ ಹೊಸ ಆರ್ಥಿಕ ನೀತಿಯ ಬಜೆಟ್ ಮಂಡಿಸಿದರು. ಆ 47 ಟನ್ನಿನಲ್ಲಿ ಕೋಲಾರದ್ದು ಎಷ್ಟು ಅಂತ ಯಾರೂ ಬೇರ್ಪಡಿಸಲಾರರು. ದೇಶದ ಮಾನ ಉಳಿಸಿದ್ದು ಚಿನ್ನ ಅಂದರು, ತೆಗೆದವರ ಹೆಸರು ಬರಲಿಲ್ಲ. 1992ರಲ್ಲಿ ಅನಿವಾಸಿಗಳು 5 ಕಿಲೋ ಚಿನ್ನ ತರಬಹುದು ಅಂತ ಬಾಗಿಲು ತೆರೆಯಿತು. ಗಣಿಗೆ ರೋಗಗ್ರಸ್ತ ಅನ್ನೋ ಚೀಟಿ ಅಂಟಿತು. 2001ರ ಫೆಬ್ರವರಿ ಕೊನೆಗೆ ಅದನ್ನ ಮುಚ್ಚಿದರು.

ಚಿನ್ನದ ಬೆಲೆ ಏರುತ್ತಾ ಹೋದ ವರ್ಷಗಳಲ್ಲೇ ಲೈನಿನ ಮಕ್ಕಳು ನಸುಕಿಗೆ ಮಾರಿಕುಪ್ಪಂನಲ್ಲಿ ರೈಲು ಹತ್ತಿ ಬೆಂಗಳೂರಿನ ಕಟ್ಟಡಗಳಿಗೆ ಕಾವಲು ಹೋಗತೊಡಗಿದರು. 2018ರ ಸಿನಿಮಾ ಆ ಊರಿನ ಹೆಸರಲ್ಲಿ ಕೋಟಿ ಕೋಟಿ ದುಡಿಯಿತು, ಅದು ಬೇರೆ ಮಾತು.

2024ರ ಜೂನ್‌ನಲ್ಲಿ ಅಲ್ಲಿನ 13 ಸೈನೈಡ್ ದಿಬ್ಬಗಳನ್ನ ಮತ್ತೆ ಗಣಿಗಾರಿಕೆಗೆ ಕೊಡಲು ಕರ್ನಾಟಕ ಸಂಪುಟ ಒಪ್ಪಿತು. ಗಾಳಿ ಎದ್ದಾಗೆಲ್ಲ ಆ ಮಣ್ಣನ್ನ ಉಸಿರಾಡಿದ ಲೈನಿನವರ ಪಾಲು ಎಷ್ಟು ಅಂತ ಕೇಳಬೇಕಾದವರು ಅಷ್ಟೊತ್ತಿಗೆ ರೈಲಿನಲ್ಲಿರುತ್ತಾರೆ.